ಅಸ್ತಮಾ ಜೀನ್ ಡೇಟಾ: ಜಿಇಒದ ಮೂರು ಸೆಟ್‌ಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಬಹುದೇ?

ಸೀಕ್ವೆನ್ಸ್_ಸಾಲು

ಎಲ್ಲರಿಗೂ ನಮಸ್ಕಾರ. ನಮ್ಮ ಎಂಎಸ್ಸಿ ಪ್ರಾಜೆಕ್ಟಿನ ವಿಷಯ ಅಸ್ತಮಾದಲ್ಲಿ ಜೀನ್ ಎಕ್ಸ್‌ಪ್ರೆಶನ್, ಅಂದರೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದು. ಹೊಸದಾಗಿ ಸ್ಯಾಂಪಲ್ ತೆಗೆಯಲು ದುಡ್ಡಿಲ್ಲ, ಹಾಗಾಗಿ ಜಿಇಒ ಎಂಬ ಜೀನ್ ಡೇಟಾ ಭಂಡಾರದಲ್ಲಿ ಎಲ್ಲರಿಗೂ ಸಿಗುವ ಡೇಟಾವನ್ನೇ ಬಳಸಬೇಕು. ಆರಿಸಿಕೊಂಡಿರುವುದು ಜಿಎಸ್‌ಇ4302, ಜಿಎಸ್‌ಇ52778 ಮತ್ತು ಜಿಎಸ್‌ಇ69683.

ಯೋಜನೆ ಹೀಗಿದೆ: ಮೂರನ್ನೂ ಜೀನ್ ಹೆಸರಿನ ಆಧಾರದಲ್ಲಿ ಜೋಡಿಸುವುದು, ಕಾಂಬ್ಯಾಟ್ ಎಂಬ ಪ್ರೋಗ್ರಾಂ ಹಾಕಿ ಬ್ಯಾಚ್ ವ್ಯತ್ಯಾಸ (ಬೇರೆ ಲ್ಯಾಬು, ಬೇರೆ ಯಂತ್ರದಿಂದ ಬರುವ ವ್ಯತ್ಯಾಸ) ತೆಗೆಯುವುದು, ಅಸ್ತಮಾ ಇರುವವರನ್ನೂ ಇಲ್ಲದವರನ್ನೂ ಹೋಲಿಸುವುದು, ಕೊನೆಗೆ ಮುಖ್ಯವೆನಿಸಿದ ಜೀನ್‌ಗಳಿಂದ ಒಂದು ರ‍್ಯಾಂಡಮ್ ಫಾರೆಸ್ಟ್ ಮಾಡೆಲ್ (ಹಲವು ನಿರ್ಧಾರ ಮರಗಳ ಮತದಿಂದ ಗುಂಪು ಊಹಿಸುವ ವಿಧಾನ) ಕಟ್ಟುವುದು. ಕೇಳಬೇಕಾದದ್ದು ಮೂರು: ಇಷ್ಟಕ್ಕೆ ಕಾಂಬ್ಯಾಟ್ ಸಾಕೇ? ಬರುವ ಜೀನ್ ಪಟ್ಟಿ ನಿಜಕ್ಕೂ ಅಸ್ತಮಾದ್ದೇ ಎಂದು ಗೊತ್ತು ಮಾಡಿಕೊಳ್ಳುವುದು ಹೇಗೆ? 8 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಇದು ನಡೆಯುತ್ತದೆಯೇ?

ಲಾಗ್‌ಫೋಲ್ಡ್

ಸೇರಿಸಬೇಡಿ. ಇಲ್ಲಿರುವುದು ಬ್ಯಾಚ್ ಸಮಸ್ಯೆಯೇ ಅಲ್ಲ. ಈ ಮೂರು ಸೆಟ್‌ಗಳು ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ.

ಜಿಎಸ್‌ಇ52778ರಲ್ಲಿ ಅಸ್ತಮಾ ರೋಗಿಗಳೇ ಇಲ್ಲ. ಅದು 2014ರಲ್ಲಿ ಬಂದ ಕೆಲಸ: ನಾಲ್ಕು ದಾನಿಗಳ ಶ್ವಾಸನಾಳದ ನಯಸ್ನಾಯು ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, 1 ಮೈಕ್ರೋಮೋಲಾರ್ ಡೆಕ್ಸಾಮೆಥಾಸೋನ್‌ನಲ್ಲಿ 18 ಗಂಟೆ ಇಟ್ಟು, ಆಮೇಲೆ ಆರ್‌ಎನ್‌ಎ ಓದಿದ್ದಾರೆ. ಅದು ಹೇಳುವುದು ಸ್ಟಿರಾಯ್ಡ್ ಕೊಟ್ಟರೆ ಈ ಕೋಶದಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ. ಬಯೋಕಂಡಕ್ಟರ್ ಎಂಬ ಆರ್ ಭಾಷೆಯ ಪ್ಯಾಕೇಜ್ ಸಂಗ್ರಹದ 'ಏರ್‌ವೇ' ಪ್ಯಾಕೇಜಿನಲ್ಲಿ ಇದರ 8 ಸ್ಯಾಂಪಲ್‌ಗಳು ಸಿದ್ಧವಾಗಿ ಸಿಗುವುದರಿಂದ ಡಿಇಸೆಕ್2 (ಆರ್‌ಎನ್‌ಎ ಎಣಿಕೆಗಳನ್ನು ಹೋಲಿಸುವ ಪ್ಯಾಕೇಜ್) ಕಲಿಯುವವರೆಲ್ಲ ಇದನ್ನೇ ಹಿಡಿಯುತ್ತಾರೆ. ಹೆಸರಲ್ಲಿ ಶ್ವಾಸನಾಳ ಇದೆ ಎಂದು ಅಸ್ತಮಾ ಡೇಟಾ ಅಂದುಕೊಳ್ಳುವುದು ಬಹಳ ಸಾಮಾನ್ಯ.

ಅದನ್ನು ಅಭ್ಯಾಸಕ್ಕೆ ಬಳಸುವುದಾದರೆ ಒಂದು ಎಚ್ಚರ. 'ಡೆಕ್ಸ್' ಕಾಲಮಿನ ಎರಡು ಮಟ್ಟಗಳು ಅಕ್ಷರ ಕ್ರಮದಲ್ಲಿ ಕೂರುವುದರಿಂದ ಔಷಧ ಕೊಟ್ಟ ಗುಂಪೇ ಆಧಾರ ಗುಂಪಾಗಿಬಿಡುತ್ತದೆ. ರಿಲೆವೆಲ್ ಮಾಡಿ ಔಷಧ ಕೊಡದ ಗುಂಪನ್ನು ಆಧಾರವಾಗಿ ಇಡದಿದ್ದರೆ ಎಲ್ಲ ಫೋಲ್ಡ್ ಚೇಂಜ್‌ಗಳ (ಎಷ್ಟು ಪಟ್ಟು ಬದಲಾವಣೆ ಎಂಬುದರ) ಚಿಹ್ನೆ ತಿರುಗುಮುರುಗಾಗುತ್ತದೆ. ಪರೀಕ್ಷೆ ಸುಲಭ: ಪಿಇಆರ್1, ಡಿಯುಎಸ್‌ಪಿ1, ಟಿಎಸ್‌ಸಿ22ಡಿ3, ಕೆಎಲ್‌ಎಫ್15 ಇವೆಲ್ಲ ಸ್ಟಿರಾಯ್ಡಿಗೆ ಏರಬೇಕು. ಇಳಿದಂತೆ ಕಂಡರೆ ಹೋಲಿಕೆ ತಲೆಕೆಳಗಾಗಿದೆ ಎಂದರ್ಥ. ಡಿಸೈನಿನಲ್ಲಿ ದಾನಿಯನ್ನೂ ಸೇರಿಸಿ. ಬಿಟ್ಟರೆ ದಾನಿಗಳ ನಡುವಿನ ವ್ಯತ್ಯಾಸ ಗದ್ದಲವಾಗಿ ಸೇರಿ ಅರ್ಧ ಫಲಿತಾಂಶ ಮುಳುಗುತ್ತದೆ.

ಜಿಎಸ್‌ಇ69683 ಯೂರೋಪಿನ ಯು-ಬಯೋಪ್ರೆಡ್ ಯೋಜನೆಯದು, ರಕ್ತದ ಡೇಟಾ. 498 ಸ್ಯಾಂಪಲ್‌ಗಳಲ್ಲಿ ಆರೋಗ್ಯವಂತರು 87, ಮಧ್ಯಮ ಅಸ್ತಮಾ 77, ಧೂಮಪಾನ ಮಾಡದ ತೀವ್ರ ಅಸ್ತಮಾದವರು 246, ಧೂಮಪಾನ ಮಾಡುವ ಅಥವಾ ಹಿಂದೆ ಮಾಡುತ್ತಿದ್ದ ತೀವ್ರ ಅಸ್ತಮಾದವರು 88. ತೀವ್ರ ಗುಂಪಿನಲ್ಲಿ ಬಾಯಿಯ ಮೂಲಕ ಸ್ಟಿರಾಯ್ಡ್ ತೆಗೆದುಕೊಳ್ಳುವವರು ಗಣನೀಯವಾಗಿದ್ದಾರೆ. ಪ್ರೆಡ್ನಿಸೋಲೋನ್ ಹೊಟ್ಟೆಗೆ ಹೋದರೆ ರಕ್ತದ ಬಿಳಿ ಕೋಶಗಳಲ್ಲಿ ನ್ಯೂಟ್ರೋಫಿಲ್ ಏರುತ್ತದೆ, ಲಿಂಫೋಸೈಟ್ ಮತ್ತು ಇಯೊಸಿನೋಫಿಲ್ ಇಳಿಯುತ್ತವೆ. ಇಡೀ ರಕ್ತದ ಆರ್‌ಎನ್‌ಎ ಓದಿದಾಗ ಸಾವಿರಾರು ಜೀನ್‌ಗಳು 'ಬದಲಾಗಿ' ಕಾಣುವುದು ಇದರಿಂದಲೂ ಆಗುತ್ತದೆ. ಒಂದೊಂದು ಕೋಶದೊಳಗೆ ಏನೂ ಬದಲಾಗಿರಬೇಕಾಗಿಲ್ಲ.

ಉಳಿದದ್ದು ಜಿಎಸ್‌ಇ4302. ನಿಮ್ಮ ಪ್ರಶ್ನೆಗೆ ಹೊಂದುವುದು ಇದೊಂದೇ.

ಇನ್ನು ಕಾಂಬ್ಯಾಟ್. ಅಂಗಾಂಶ, ಯಂತ್ರ, ರೋಗದ ತೀವ್ರತೆ ಎಲ್ಲವೂ ಒಂದೇ ಗೆರೆಯಲ್ಲಿ ಬದಲಾಗುವಾಗ ಯಾವುದು ಬ್ಯಾಚ್, ಯಾವುದು ರೋಗ ಎಂದು ಬೇರ್ಪಡಿಸಲು ಯಾವ ಗಣಿತಕ್ಕೂ ಸಾಧ್ಯವಿಲ್ಲ. ಮಾಡೆಲಿಗೆ ರೋಗದ ಗುಂಪನ್ನೂ ಕೊಟ್ಟು ಕಾಂಬ್ಯಾಟ್ ಓಡಿಸಿದರೆ ಇನ್ನೊಂದು ತೊಂದರೆ: ಗುಂಪುಗಳು ಬ್ಯಾಚ್‌ಗಳಲ್ಲಿ ಅಸಮವಾಗಿ ಹಂಚಿದ್ದಾಗ, ಇಲ್ಲದ ವ್ಯತ್ಯಾಸವೂ ಇರುವಂತೆ ಕಾಣತೊಡಗುತ್ತದೆ, ಪಿ ಮೌಲ್ಯಗಳು ಸುಳ್ಳುಸುಳ್ಳೇ ಚಿಕ್ಕದಾಗುತ್ತವೆ. ಒಂದೇ ಅಂಗಾಂಶದ ಎರಡು ಮೂರು ಅಧ್ಯಯನ ಸಿಕ್ಕರೆ ಪ್ರತಿಯೊಂದನ್ನೂ ಬೇರೆಬೇರೆ ವಿಶ್ಲೇಷಿಸಿ, ಕೊನೆಗೆ ಪ್ರತಿ ಜೀನಿನ ಫೋಲ್ಡ್ ಚೇಂಜ್ ಮತ್ತು ಅದರ ಸ್ಟ್ಯಾಂಡರ್ಡ್ ಎರರ್ ತೆಗೆದು ಮೆಟಾ ಅನಾಲಿಸಿಸ್ ಮಾಡಿ.

ಅರೇ_ಹಳಬ

ಜಿಎಸ್‌ಇ4302ಕ್ಕೆ ಇಳಿಯೋಣ. ಇದು ಬ್ರಾಂಕೋಸ್ಕೋಪಿನಲ್ಲಿ ಬ್ರಷ್ ಹಾಕಿ ತೆಗೆದ ಶ್ವಾಸನಾಳದ ಎಪಿಥೀಲಿಯಂ (ಒಳಪದರ). ಬಳಸಿದ್ದು ಅಫಿಮೆಟ್ರಿಕ್ಸ್ ಯು133 ಪ್ಲಸ್ 2.0 ಎಂಬ ಜೀನ್ ಚಿಪ್, ಅಂದರೆ ಅರೇ. ಒಟ್ಟು 118 ಅರೇಗಳು: ಅಸ್ತಮಾದವರು 42, ಆರೋಗ್ಯವಂತರು 28, ಧೂಮಪಾನಿಗಳು 16. ಉಳಿದ 32 ಅದೇ ಅಸ್ತಮಾ ರೋಗಿಗಳಲ್ಲಿ ಕೆಲವರದ್ದೇ. ಫ್ಲುಟಿಕಾಸೋನ್ ಅಥವಾ ಪ್ಲಸೀಬೊ ಕೊಟ್ಟ ಮೇಲೆ ಮತ್ತೆ ತೆಗೆದದ್ದು. ಇದನ್ನು ನೋಡದೆ 74 ಅಸ್ತಮಾ ಸ್ಯಾಂಪಲ್, 44 ಕಂಟ್ರೋಲ್ ಎಂದು ಲೆಕ್ಕ ಹಾಕಿ ಬರೆದ ಪ್ರಾಜೆಕ್ಟ್ ವರದಿಗಳು ಸಾಕಷ್ಟಿವೆ. ಒಬ್ಬನೇ ವ್ಯಕ್ತಿ ಎರಡು ಸಲ ಎಣಿಕೆಯಾಗುತ್ತಾನೆ, ಧೂಮಪಾನಿ 'ಆರೋಗ್ಯವಂತ' ಆಗಿಬಿಡುತ್ತಾನೆ.

ಮೊದಲ ಪ್ರಶ್ನೆಗೆ 42 ಮತ್ತು 28 ಮಾತ್ರ ಇಟ್ಟುಕೊಳ್ಳಿ. ಈ 42 ಜನ ಸೌಮ್ಯದಿಂದ ಮಧ್ಯಮ ಅಸ್ತಮಾದವರು, ಆಗ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರಲಿಲ್ಲ. ಈ ಸೆಟ್ಟಿನ ನಿಜವಾದ ಬೆಲೆ ಇರುವುದು ಅಲ್ಲೇ. ಚಿಕಿತ್ಸೆಯ ಗದ್ದಲವಿಲ್ಲದೆ ರೋಗ ಕಾಣುವ ಡೇಟಾ ಕಡಿಮೆ.

ಸಿಇಎಲ್ ಫೈಲ್‌ಗಳನ್ನು (ಅರೇಯ ಕಚ್ಚಾ ಡೇಟಾ) ಇಳಿಸಿಕೊಂಡು ಆರ್‌ಎಂಎ, ಅಂದರೆ ಅರೇಗಳನ್ನು ಒಂದೇ ಅಳತೆಗೆ ತರುವ ಲೆಕ್ಕ, ನೀವೇ ಮಾಡಿ. ಸೀರೀಸ್ ಮ್ಯಾಟ್ರಿಕ್ಸ್ (ಜಿಇಒದಲ್ಲಿ ಸಿದ್ಧವಿರುವ ಕೋಷ್ಟಕ) ಬಳಸುವುದಾದರೆ ಮೊದಲು ಗರಿಷ್ಠ ಮೌಲ್ಯ ನೋಡಿ. 20ಕ್ಕಿಂತ ಬಹಳ ಮೇಲಿದ್ದರೆ ಅದು ಲಾಗ್ ಆಗಿಲ್ಲ. ಆಮೇಲೆ ಲಿಂಗ ಪರೀಕ್ಷೆ: ಹೆಣ್ಣಿನಲ್ಲಿ ಹೆಚ್ಚಿರುವ ಎಕ್ಸ್‌ಐಎಸ್‌ಟಿ ಮತ್ತು ಗಂಡಿನಲ್ಲಿ ಹೆಚ್ಚಿರುವ ಆರ್‌ಪಿಎಸ್4ವೈ1 ಎರಡನ್ನೂ ಎದುರುಬದುರು ಪ್ಲಾಟ್ ಮಾಡಿದರೆ ಎರಡು ಸ್ಪಷ್ಟ ಗುಂಪು ಬರಬೇಕು. ಎರಡೂ ಹೆಚ್ಚಾಗಿರುವ ಬಿಂದು ಕಂಡರೆ ಸ್ಯಾಂಪಲ್ ಬೆರೆತಿದೆ; ದಾಖಲಾದ ಲಿಂಗಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಹಣೆಪಟ್ಟಿ ಅದಲುಬದಲಾಗಿದೆ. ಚಿಕಿತ್ಸೆಯ ಮೊದಲು ಮತ್ತು ನಂತರದ ಜೋಡಿಗಳಿಗೆ ಜಿಎಸ್‌ಟಿಎಂ1 ಒಳ್ಳೆಯ ಸಾಕ್ಷಿ. ಆ ಜೀನ್ ಹಲವರಲ್ಲಿ ಪೂರ್ತಿ ಕಳೆದುಹೋಗಿರುತ್ತದೆ, ಹಾಗಾಗಿ ಮೌಲ್ಯ ಒಂದೋ ಇದೆ, ಇಲ್ಲವೋ ಇಲ್ಲ ಎನ್ನುವಂತೆ ಎರಡು ತುಂಡಾಗಿ ಬೀಳುತ್ತದೆ. ಮೊದಲು ಇಲ್ಲದ್ದು ನಂತರ ಬಂದರೆ ಅವರಿಬ್ಬರೂ ಒಬ್ಬರೇ ಅಲ್ಲ.

ಈಗ ಮುಖ್ಯ ಭಾಗ. ಅಸ್ತಮಾ ಎಂಬ ಒಂದೇ ಗುಂಪು ಮಾಡಿ ಹೋಲಿಸಿದರೆ ಸಪ್ಪೆ ಫಲಿತಾಂಶ ಬರುತ್ತದೆ. 2007ರಲ್ಲಿ ಈ ಡೇಟಾದಿಂದ ಮೂರು ಜೀನ್‌ಗಳು ಎದ್ದು ಬಂದವು: ಪೆರಿಯೋಸ್ಟಿನ್, ಸಿಎಲ್‌ಸಿಎ1, ಸರ್ಪಿನ್‌ಬಿ2. ಎಪಿಥೀಲಿಯಂ ಕೋಶಗಳಿಗೆ ತಟ್ಟೆಯಲ್ಲಿ ಇಂಟರ್‌ಲ್ಯೂಕಿನ್-13 (ಉರಿಯೂತದ ಸಂಕೇತ ಪ್ರೋಟೀನ್) ಕೊಟ್ಟರೂ ಇವೇ ಏರುತ್ತವೆ. 2009ರಲ್ಲಿ ಈ ಮೂರರ ಮೇಲೆಯೇ ಕ್ಲಸ್ಟರಿಂಗ್ ಮಾಡಿದಾಗ 42ರಲ್ಲಿ 22 ಜನ ಟಿಎಚ್2 (ಅಲರ್ಜಿ ಬಗೆಯ ಉರಿಯೂತ) ಹೆಚ್ಚಿರುವ ಗುಂಪಿಗೆ ಬಂದರು, ಉಳಿದ 20 ಜನ ಆರೋಗ್ಯವಂತರ ಜೊತೆ ಬೆರೆತುಹೋದರು. ಉಸಿರಿನ ಮೂಲಕ ಕೊಟ್ಟ ಸ್ಟಿರಾಯ್ಡಿನಿಂದ ಶ್ವಾಸ ಸಾಮರ್ಥ್ಯ ಸುಧಾರಿಸಿದ್ದು ಮೊದಲ ಗುಂಪಿನಲ್ಲಿ ಮಾತ್ರ.

ಇದನ್ನು ನೀವು ಮತ್ತೆ ಮಾಡಬಹುದು. ಪ್ರೋಬ್‌ಗಳು (ಚಿಪ್ಪಿನಲ್ಲಿ ಆಯಾ ಜೀನ್ ಅಳೆಯುವ ತುಣುಕುಗಳು) ಕ್ರಮವಾಗಿ 210809_ಎಸ್_ಎಟಿ, 210107_ಎಟಿ, 204614_ಎಟಿ. ಮೂರನ್ನೂ ಝಡ್ ಅಂಕಕ್ಕೆ ಇಳಿಸಿ, 70 ಜನರ ಮೇಲೆ ಹೈರಾರ್ಕಿಕಲ್ ಕ್ಲಸ್ಟರಿಂಗ್ ಮಾಡಿ. ನಿಮ್ಮ ವಿಭಜನೆ 22–20ರ ಹತ್ತಿರ ಬಂದರೆ ಅಲ್ಲಿಯವರೆಗಿನ ದಾರಿ ಸರಿ. ತುಂಬ ದೂರ ಹೋದರೆ ಲಾಗ್, ಪ್ರೋಬ್, ಸ್ಯಾಂಪಲ್ ಆಯ್ಕೆ, ಈ ಮೂರರಲ್ಲಿ ಎಲ್ಲೋ ಎಡವಟ್ಟಾಗಿದೆ.

ಇದಾದ ಮೇಲೆ ಲಿಮ್ಮಾ (ಗುಂಪುಗಳನ್ನು ಹೋಲಿಸುವ ಪ್ಯಾಕೇಜ್): ಮೂರು ಗುಂಪು, ವಯಸ್ಸು ಮತ್ತು ಲಿಂಗ ಸಿಕ್ಕರೆ ಕೋವೇರಿಯೇಟ್ (ಲೆಕ್ಕದಲ್ಲಿ ಸರಿಹೊಂದಿಸುವ ಅಂಶ). ಈ ಅರೇಯಲ್ಲಿ 54,675 ಪ್ರೋಬ್‌ಸೆಟ್‌ಗಳಿವೆ. ತಿದ್ದುಪಡಿಯಿಲ್ಲದೆ ಪಿ 0.05ರ ಗೆರೆ ಎಳೆದರೆ ಏನೂ ಇಲ್ಲದೆಯೂ 2,700ರಷ್ಟು ದಾಟುತ್ತವೆ. ಎಫ್‌ಡಿಆರ್ (ಸುಳ್ಳು ಪತ್ತೆಗಳ ಪ್ರಮಾಣ ಹಿಡಿದಿಡುವ ತಿದ್ದುಪಡಿ) ಇಲ್ಲದ ಪಟ್ಟಿಯನ್ನು ಯಾರಿಗೂ ತೋರಿಸಬೇಡಿ. ಮತ್ತೆ, ಆ ಮೂರು ಜೀನ್‌ಗಳಿಂದಲೇ ಗುಂಪು ಮಾಡಿ ಆಮೇಲೆ ಅದೇ ಮೂರು ಪಟ್ಟಿಯ ತುದಿಯಲ್ಲಿ ಬಂದವು ಎಂದು ಬೀಗುವಂತಿಲ್ಲ, ಬರಲೇಬೇಕು. ನೋಡಬೇಕಾದ್ದು ಉಳಿದವುಗಳನ್ನು. ಟಿಪಿಎಸ್‌ಎಬಿ1, ಸಿಪಿಎ3 ಮೇಲೆ ಬಂದಿವೆಯೇ ನೋಡಿ. ಅವು ಮಾಸ್ಟ್ ಕೋಶದ ಜೀನ್‌ಗಳು, ಟಿಎಚ್2 ಹೆಚ್ಚಿರುವವರ ಎಪಿಥೀಲಿಯಂ ಒಳಗೆ ಆ ಕೋಶಗಳು ನುಗ್ಗಿರುತ್ತವೆ.

ಸ್ಟಿರಾಯ್ಡಿನ ಸುಳಿವಿಗೆ ಎಫ್‌ಕೆಬಿಪಿ5 ನೋಡಿ. ಫ್ಲುಟಿಕಾಸೋನ್ ನಂತರದ ಅರೇಗಳಲ್ಲಿ ಅದು ಏರಿರಬೇಕು. ಬೇರೆ ಯಾವುದೇ ಅಸ್ತಮಾ ಸೆಟ್ಟಿನ ಪಟ್ಟಿಯಲ್ಲಿ ಎಫ್‌ಕೆಬಿಪಿ5 ತುದಿಯಲ್ಲಿ ಕಂಡರೆ ನೀವು ನೋಡುತ್ತಿರುವುದು ಇನ್‌ಹೇಲರನ್ನು.

ಸೀಕ್ವೆನ್ಸ್_ಸಾಲು

ತುಂಬ ಉಪಕಾರ ಆಯ್ತು ಸರ್. ಜಿಎಸ್‌ಇ4302 ಒಂದನ್ನೇ ಹಿಡಿಯುತ್ತೇವೆ. ಕೋಶಗಳ ಪ್ರಮಾಣದಿಂದಲೇ ವ್ಯತ್ಯಾಸ ಕಾಣುತ್ತದೆ ಎಂದಿರಲ್ಲ, ಹಾಗಾದರೆ ಡಿಕನ್ವಲ್ಯೂಶನ್ (ಬೆರೆತ ಸ್ಯಾಂಪಲ್ಲಿನಲ್ಲಿ ಯಾವ ಕೋಶ ಎಷ್ಟು ಎಂದು ಅಂದಾಜಿಸುವುದು) ಮಾಡಿ ಕೋಶದ ಪ್ರಮಾಣವನ್ನೂ ಮಾಡೆಲಿನಲ್ಲಿ ಕೋವೇರಿಯೇಟ್ ಆಗಿ ಸೇರಿಸಿದರೆ ಆಯಿತೇ?

ಲಾಗ್‌ಫೋಲ್ಡ್

ರಕ್ತವಾದರೆ ಹೌದು, ಸೇರಿಸಿ. 2018ರ ಒಂದು ದೊಡ್ಡ ಯೂರೋಪಿಯನ್ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ: ಮಕ್ಕಳ ಇಡೀ ರಕ್ತದ ಡಿಎನ್‌ಎ ಮೆಥಿಲೇಶನ್‌ನಲ್ಲಿ (ಡಿಎನ್‌ಎ ಮೇಲಿನ ರಾಸಾಯನಿಕ ಗುರುತು) ಅಸ್ತಮಾಕ್ಕೆ ಹೊಂದಿಕೊಂಡ 14 ಜಾಗಗಳು ಸಿಕ್ಕವು. ಇಯೊಸಿನೋಫಿಲ್‌ಗಳನ್ನಷ್ಟೇ ಬೇರ್ಪಡಿಸಿ ನೋಡಿದಾಗ ಆ 14 ಜಾಗಗಳಲ್ಲೂ ಮೆಥಿಲೇಶನ್ ಕಡಿಮೆ ಇತ್ತು. ಅಂದರೆ ಸಂಕೇತದ ಬಹುಪಾಲು ಆ ಒಂದು ಜಾತಿಯ ಕೋಶದ್ದು. ರಕ್ತದಲ್ಲಿ ಕೋಶದ ಎಣಿಕೆ ಇಲ್ಲದೆ ಏನೂ ಹೇಳಲಾಗದು.

ಶ್ವಾಸನಾಳದ ಬ್ರಷ್ ಸ್ಯಾಂಪಲ್‌ನಲ್ಲಿ ಮಾತ್ರ ನನ್ನ ಉತ್ತರ ಬೇರೆ. ಇಂಟರ್‌ಲ್ಯೂಕಿನ್-13 ತಾನೇ ಎಪಿಥೀಲಿಯಂ ಅನ್ನು ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳ ಕಡೆ ತಿರುಗಿಸುತ್ತದೆ. ಲೋಳೆ ಹೆಚ್ಚುವುದು, ನಾಳ ಕಟ್ಟುವುದು ಅದರಿಂದಲೇ. ಗಾಬ್ಲೆಟ್ ಪ್ರಮಾಣವನ್ನು ಮಾಡೆಲಿನಲ್ಲಿ 'ಸರಿಪಡಿಸಿ'ಬಿಟ್ಟರೆ ರೋಗವನ್ನೇ ಒರೆಸಿ ಹಾಕಿದಂತೆ. ಎರಡು ರೀತಿಯಲ್ಲೂ ಓಡಿಸಿ, ಎರಡನ್ನೂ ವರದಿ ಮಾಡಿ: ಸರಿಪಡಿಸದೆ ಬಂದದ್ದು ನಾಳದಲ್ಲಿ ಒಟ್ಟಾರೆ ಏನಾಗಿದೆ ಎನ್ನುತ್ತದೆ, ಸರಿಪಡಿಸಿದ ಮೇಲೂ ಉಳಿದದ್ದು ಕೋಶದೊಳಗೆ ಏನಾಗಿದೆ ಎನ್ನುವುದರ ಹತ್ತಿರ ಬರುತ್ತದೆ.

ಅರೇ_ಹಳಬ

ಪೂರ್ತಿ ಒಪ್ಪಲಾರೆ. ಬ್ರಷಿಂಗ್‌ನಲ್ಲಿ ಕೈಯ ಒತ್ತಡ ಮತ್ತು ಜಾಗದಿಂದಲೂ ಕೋಶದ ಪ್ರಮಾಣ ಬದಲಾಗುತ್ತದೆ. ಗಟ್ಟಿಯಾಗಿ ಉಜ್ಜಿದರೆ ತಳದ ಬೇಸಲ್ ಕೋಶಗಳು ಹೆಚ್ಚು ಬರುತ್ತವೆ. ಇದಕ್ಕೂ ರೋಗಕ್ಕೂ ಸಂಬಂಧವಿಲ್ಲ. ಹಾಗಾಗಿ ಗಾಬ್ಲೆಟ್ ಬಿಟ್ಟು, ಬೇಸಲ್ ಗುರುತಾದ ಕೆಆರ್‌ಟಿ5 ಮತ್ತು ಸಿಲಿಯಾ ಗುರುತಾದ ಎಫ್‌ಒಎಕ್ಸ್‌ಜೆ1 ಎರಡರ ಮಟ್ಟ ಗುಂಪುಗಳ ನಡುವೆ ಎಷ್ಟು ಬೇರೆ ಎಂದು ಮೊದಲು ನೋಡಿ. ಬೇರೆ ಇದ್ದರೆ ಬೇಸಲ್ ಪ್ರಮಾಣವನ್ನಾದರೂ ಸೇರಿಸಿ.

ಡಿಕನ್ವಲ್ಯೂಶನ್‌ಗೆ ಆಧಾರವಾಗಿ ಯಾವ ಸಿಂಗಲ್ ಸೆಲ್ ಡೇಟಾ ಬಳಸುತ್ತೀರಿ ಎಂಬುದೂ ಮುಖ್ಯ. 2019ರ ಶ್ವಾಸಕೋಶದ ಕೋಶಗಣತಿಯಲ್ಲಿ ಅಸ್ತಮಾ ಇರುವವರ ನಾಳದಲ್ಲಿ ಲೋಳೆಯ ಜೀನ್‌ಗಳನ್ನೂ ಹಚ್ಚಿಕೊಂಡ ಸಿಲಿಯಾ ಕೋಶಗಳೆಂಬ ಹೊಸ ಸ್ಥಿತಿ ಕಂಡುಬಂತು. ಆರೋಗ್ಯವಂತರ ಡೇಟಾವನ್ನೇ ಆಧಾರವಾಗಿಟ್ಟರೆ ಆ ಕೋಶಗಳನ್ನು ಪ್ರೋಗ್ರಾಂ ಅರ್ಧ ಗಾಬ್ಲೆಟ್, ಅರ್ಧ ಸಿಲಿಯಾ ಎಂದು ಹಂಚಿಬಿಡುತ್ತದೆ.

ಒಪಿಡಿ_ಉಸಿರು

ಲೆಕ್ಕದವರ ನಡುವೆ ವಾರ್ಡಿನ ಕಡೆಯಿಂದ ಎರಡು ಮಾತು. ಎರಡನೇ ಪ್ರಶ್ನೆಗೆ, ಅಂದರೆ ಪಟ್ಟಿಯ ಜೀನ್‌ಗೆ ಏನು ಬೆಲೆ ಎಂಬುದಕ್ಕೆ, ಪೆರಿಯೋಸ್ಟಿನ್ ಒಂದರ ಹಾದಿ ನೋಡಿದರೆ ಸಾಕು.

ಎಪಿಥೀಲಿಯಂನಲ್ಲಿ ಏರುವ ಜೀನ್, ಪ್ರೋಟೀನ್ ಹೊರಗೆ ಸುರಿಯುತ್ತದೆ, ರಕ್ತದಲ್ಲೂ ಅಳೆಯಬಹುದು. 2011ರಲ್ಲಿ ಲೆಬ್ರಿಕಿಝುಮ್ಯಾಬ್ ಎಂಬ ಇಂಟರ್‌ಲ್ಯೂಕಿನ್-13 ತಡೆಯುವ ಔಷಧದ ಪ್ರಯೋಗದಲ್ಲಿ 219 ವಯಸ್ಕರಿದ್ದರು. 12 ವಾರಕ್ಕೆ ಎಫ್‌ಇವಿ1 (ಒಂದು ಸೆಕೆಂಡಿನಲ್ಲಿ ಜೋರಾಗಿ ಹೊರಬಿಡುವ ಗಾಳಿ) ಪ್ಲಸೀಬೊಗಿಂತ ಒಟ್ಟಾರೆ 5.5 ಶೇಕಡಾ ಅಂಶ ಹೆಚ್ಚು. ಪೆರಿಯೋಸ್ಟಿನ್ ಹೆಚ್ಚಿದ್ದವರಲ್ಲಿ 8.2, ಕಡಿಮೆ ಇದ್ದವರಲ್ಲಿ 1.6. ಜೀನ್ ಡೇಟಾದಿಂದ ಔಷಧದ ಆಯ್ಕೆಗೆ ನೇರ ದಾರಿ ಸಿಕ್ಕಿತು ಎಂದೇ ಎಲ್ಲರಿಗೂ ಅನ್ನಿಸಿತು. 2016ರಲ್ಲಿ ಎರಡು ದೊಡ್ಡ ಪ್ರಯೋಗಗಳು ಮುಗಿದಾಗ, ಉಲ್ಬಣ ತಡೆಯುವುದರಲ್ಲಿ ಒಂದು ಗೆದ್ದಿತು, ಇನ್ನೊಂದು ಗೆಲ್ಲಲಿಲ್ಲ. ಔಷಧ ಅಸ್ತಮಾಕ್ಕೆ ಬರಲಿಲ್ಲ, ಮುಂದೆ ಚರ್ಮದ ಎಕ್ಸಿಮಾಕ್ಕೆ ಒಪ್ಪಿಗೆ ಪಡೆಯಿತು. ಪೆರಿಯೋಸ್ಟಿನ್ ಪರೀಕ್ಷೆಯೂ ದಿನಬಳಕೆಗೆ ಬರಲಿಲ್ಲ. ಮೂಳೆಯೂ ಅದನ್ನು ತಯಾರಿಸುತ್ತದೆ, ಬೆಳೆಯುವ ಮಕ್ಕಳಲ್ಲಿ ಅದು ಯಾವಾಗಲೂ ಹೆಚ್ಚು.

ಇವತ್ತು ನಿಜವಾಗಿ ಬಳಕೆಯಲ್ಲಿರುವುದು ರಕ್ತದ ಇಯೊಸಿನೋಫಿಲ್ ಎಣಿಕೆ ಮತ್ತು ಉಸಿರಿನ ನೈಟ್ರಿಕ್ ಆಕ್ಸೈಡ್, ಅಂದರೆ ಫೆನೋ. ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್ ಇದ್ದಾಗಲೂ ಮೈಕ್ರೋಲೀಟರಿಗೆ 150 ಇಯೊಸಿನೋಫಿಲ್ ಅಥವಾ 20 ಪಿಪಿಬಿ ಫೆನೋ ದಾಟಿದರೆ ಟೈಪ್ 2 (ಟಿಎಚ್2 ಬಗೆಯ) ಉರಿಯೂತ ಅಡಗಿಲ್ಲ ಎಂದು ಅಸ್ತಮಾದ ಜಾಗತಿಕ ಜಿನಾ ಮಾರ್ಗಸೂಚಿ ಪರಿಗಣಿಸುತ್ತದೆ. ಫೆನೋ ಬರುವುದು ಎಪಿಥೀಲಿಯಂನ ಎನ್‌ಒಎಸ್2 ಜೀನಿನಿಂದ, ಅದನ್ನು ಏರಿಸುವುದೂ ಇಂಟರ್‌ಲ್ಯೂಕಿನ್-13. ನಿಮ್ಮ 22 ಜನರ ಗುಂಪಿನಲ್ಲಿ ಎನ್‌ಒಎಸ್2 ಹೇಗಿದೆ ನೋಡಿ. ನಿಮ್ಮ ಜೀನ್ ಪಟ್ಟಿಗೆ ಇವೆರಡನ್ನು ಮೀರಿಸುವ ಶಕ್ತಿ ಇದೆಯೇ ಎಂಬುದೇ ವೈವಾದಲ್ಲಿ ಬರಬೇಕಾದ ಪ್ರಶ್ನೆ. 20 ಜನರ ಇನ್ನೊಂದು ಗುಂಪನ್ನು ಮೂಲೆಗೆ ತಳ್ಳಬೇಡಿ. ಔಷಧದ ಕೊರತೆ ಇರುವುದು ಅವರಿಗೇ.

ಇಲ್ಲಿನ ಡೇಟಾ ಬಳಸುವವರಿಗೆ ಒಂದು ಮಾತು: ನಮ್ಮಲ್ಲಿ ಹೊಟ್ಟೆಹುಳು ಸಾಮಾನ್ಯ, ಕಲಬುರಗಿ, ಬೀದರ್ ಕಡೆ ಮತ್ತು ಕರಾವಳಿಯಲ್ಲಿ ಆನೆಕಾಲು ರೋಗದ ಇತಿಹಾಸವೂ ಇದೆ. ಎರಡೂ ಇಯೊಸಿನೋಫಿಲ್ ಏರಿಸುತ್ತವೆ. ಎಇಸಿ (ರಕ್ತದ ಇಯೊಸಿನೋಫಿಲ್ ಎಣಿಕೆ) 600 ಬಂದ ಮಾತ್ರಕ್ಕೆ ಅದನ್ನು ಅಸ್ತಮಾದ ಲೆಕ್ಕಕ್ಕೆ ಬರೆಯಬೇಡಿ.

ಸೀಕ್ವೆನ್ಸ್_ಸಾಲು

ಇನ್ನೆರಡು ಕೇಳಿ ಮುಗಿಸುತ್ತೇನೆ. ರ‍್ಯಾಂಡಮ್ ಫಾರೆಸ್ಟ್ ಬಿಟ್ಟುಬಿಡಬೇಕೇ? ಮುಂದಿನ ಬ್ಯಾಚಿನವರು ಇಲ್ಲೇ ಸ್ಯಾಂಪಲ್ ತೆಗೆಯುವುದಾದರೆ ಮೂಗಿನಿಂದ ತೆಗೆದರೆ ಆದೀತೇ?

ಲಾಗ್‌ಫೋಲ್ಡ್

ಬಿಡಬೇಕಾಗಿಲ್ಲ. ಆದರೆ ಜೀನ್ ಆಯ್ಕೆಯನ್ನು ಕ್ರಾಸ್ ವ್ಯಾಲಿಡೇಶನ್ನಿನ (ಡೇಟಾ ಸೀಳಿ ಒಂದು ಭಾಗದಲ್ಲಿ ಕಲಿಸಿ ಇನ್ನೊಂದರಲ್ಲಿ ಪರೀಕ್ಷಿಸುವುದು) ಒಳಗೇ, ಪ್ರತಿ ಸುತ್ತಿನಲ್ಲೂ ಹೊಸದಾಗಿ ಮಾಡಿ. 70 ಜನರನ್ನೂ ನೋಡಿ 50 ಜೀನ್ ಆರಿಸಿ, ಆಮೇಲೆ ಡೇಟಾ ಸೀಳಿದರೆ ಶುದ್ಧ ಗದ್ದಲದಿಂದಲೂ ಎಯುಸಿ (ಮಾಡೆಲಿನ ಅಂಕ; 0.5 ಎಂದರೆ ಬರೀ ಊಹೆ, 1 ಎಂದರೆ ಪರಿಪೂರ್ಣ) 0.9 ದಾಟುತ್ತದೆ. ಒಮ್ಮೆ ಅಸ್ತಮಾ ಎಂಬ ಹಣೆಪಟ್ಟಿಯನ್ನು ಕಲಸಿ ಇಡೀ ಪೈಪ್‌ಲೈನ್ ಓಡಿಸಿ ನೋಡಿ: 0.5ರ ಆಸುಪಾಸು ಬರದಿದ್ದರೆ ಎಲ್ಲೋ ಸೋರಿಕೆ ಇದೆ. ಮಾಡೆಲ್ ಎಕ್ಸ್‌ಐಎಸ್‌ಟಿಯನ್ನು ಮುಖ್ಯ ಜೀನ್ ಎಂದು ತೋರಿಸಿದರೆ ಅದು ಕಲಿತಿರುವುದು ಗುಂಪುಗಳ ಹೆಣ್ಣು–ಗಂಡು ಅನುಪಾತವನ್ನು.

ಹೊರಗಿನ ಪರೀಕ್ಷೆಗೆ ಜಿಎಸ್‌ಇ67472 ಇದೆ, ಅದೂ ಶ್ವಾಸನಾಳದ ಬ್ರಷಿಂಗ್. ಒಂದೇ ಪ್ರಯೋಗಾಲಯದ ಸೆಟ್‌ಗಳಲ್ಲಿ ಅವೇ ವ್ಯಕ್ತಿಗಳು ಮತ್ತೆ ಬರಬಹುದಾದ್ದರಿಂದ, ಸ್ವತಂತ್ರ ಎನ್ನುವ ಮೊದಲು ಎರಡೂ ಸೆಟ್‌ಗಳ ಅರೇಗಳನ್ನು ಪರಸ್ಪರ ಕೋರಿಲೇಟ್ ಮಾಡಿ. ಪ್ರತಿ ಜೀನಿನ ಸರಾಸರಿ ಕಳೆದ ಮೇಲೂ ಅಸಹಜವಾಗಿ ಹೊಂದುವ ಜೋಡಿಗಳನ್ನು ಹೊರಗಿಡಿ. ಡಾಪೆಲ್‌ಗ್ಯಾಂಗ್‌ಆರ್ ಎಂಬ ಪ್ಯಾಕೇಜ್ ಇದೇ ಕೆಲಸಕ್ಕಿದೆ.

ಲ್ಯಾಪ್‌ಟಾಪ್ ಬಗ್ಗೆ ಯಾರೂ ಹೇಳಲಿಲ್ಲ. 118 ಅರೇಗೆ 8 ಜಿಬಿ ಸಾಕು, ಅಫಿ ಪ್ಯಾಕೇಜಿನ ಜಸ್ಟ್‌ಆರ್‌ಎಂಎ ಬಳಸಿದರೆ ಮೆಮೊರಿ ಇನ್ನೂ ಕಡಿಮೆ ತಿನ್ನುತ್ತದೆ. ಆರ್‌ಎನ್‌ಎ ಸೀಕ್ವೆನ್ಸಿಂಗ್ ಸೆಟ್‌ಗಳಿಗೆ ಫಾಸ್ಟ್‌ಕ್ಯೂ (ಕಚ್ಚಾ ಓದುಗಳ ಫೈಲ್) ಇಳಿಸುವ ಗೋಜಿಗೇ ಹೋಗಬೇಡಿ, ರೀಕೌಂಟ್3 ಎಂಬ ಸಂಗ್ರಹದಲ್ಲಿ ಎಣಿಕೆ ಸಿದ್ಧವಿದೆಯೇ ನೋಡಿ.

ಒಪಿಡಿ_ಉಸಿರು

ಮೂಗು ಆದೀತು. ಮೂಗಿನಲ್ಲೂ ಶ್ವಾಸನಾಳದಲ್ಲೂ ಕೆಲಸ ಮಾಡುವ ಜೀನ್‌ಗಳು ಸುಮಾರು ಶೇ. 90ರಷ್ಟು ಒಂದೇ. ಪೋರ್ಟೋರಿಕೊದ 695 ಮಕ್ಕಳ ಮೂಗಿನ ಡೇಟಾ ಜಿಎಸ್‌ಇ152004ರಲ್ಲಿ ಇದೆ, ಹೋಲಿಕೆಗೆ ಸಿಗುತ್ತದೆ. ಆದರೆ ಅಸ್ತಮಾ ಇರುವವರಲ್ಲಿ ಬಹುಪಾಲು ಜನರಿಗೆ ಅಲರ್ಜಿಯ ಮೂಗುಸೋರಿಕೆಯೂ ಇರುತ್ತದೆ. ಆರೋಗ್ಯವಂತರು ಮತ್ತು ಅಸ್ತಮಾದವರು ಎಂಬ ಎರಡೇ ಗುಂಪು ಇಟ್ಟರೆ ನೀವು ಅಳೆಯುವುದು ಮೂಗಿನ ಅಲರ್ಜಿಯನ್ನು. ಮೂಗುಸೋರಿಕೆ ಮಾತ್ರ ಇದ್ದು ಅಸ್ತಮಾ ಇಲ್ಲದವರ ಮೂರನೇ ಗುಂಪು ಬೇಕೇಬೇಕು.

ತೆಗೆಯುವ ಕ್ರಮ: ಎಥಿಕ್ಸ್ ಸಮಿತಿಯ ಒಪ್ಪಿಗೆ ಮತ್ತು ರೋಗಿಯ ಸಹಿ ಆದ ಮೇಲೆ, ಇಎನ್‌ಟಿಯವರು ಕಣ್ಣಾರೆ ನೋಡುತ್ತ ಕೆಳಗಿನ ಟರ್ಬಿನೇಟ್ (ಮೂಗಿನೊಳಗಿನ ಮೂಳೆಯ ಮಡಿಕೆ) ಮೇಲೆ ಸೈಟಾಲಜಿ ಬ್ರಷ್ಷನ್ನು ಮೂರು-ನಾಲ್ಕು ಸುತ್ತು ತಿರುಗಿಸಬೇಕು. ಬ್ರಷ್ಷಿನ ತುದಿ ಕತ್ತರಿಸಿ ತಕ್ಷಣ ಆರ್‌ಎನ್‌ಎಲೇಟರ್‌ಗೆ ಅಥವಾ ಲೈಸಿಸ್ ಬಫರಿಗೆ. ಬರೀ ಸಲೈನಿನಲ್ಲಿ ಇಟ್ಟು ಮಧ್ಯಾಹ್ನ ಲ್ಯಾಬಿಗೆ ಒಯ್ದರೆ ಅಷ್ಟರಲ್ಲಿ ಆರ್‌ಎನ್‌ಎ ಮುರಿದಿರುತ್ತದೆ. ಆರ್‌ಐಎನ್ (ಆರ್‌ಎನ್‌ಎ ಎಷ್ಟು ಗಟ್ಟಿಯಾಗಿ ಉಳಿದಿದೆ ಎಂಬ ಅಂಕ) 7ಕ್ಕಿಂತ ಕಡಿಮೆಯವು ಬೇಡ. ಕಳೆದ 4 ವಾರದಲ್ಲಿ ನೆಗಡಿ ಬಂದವರನ್ನು ಬಿಡಿ, ಇಲ್ಲದಿದ್ದರೆ ಇಂಟರ್‌ಫೆರಾನ್ ಜೀನ್‌ಗಳೇ ಎಲ್ಲವನ್ನೂ ಮುಚ್ಚಿಬಿಡುತ್ತವೆ. ಮೂಗಿನ ಸ್ಟಿರಾಯ್ಡ್ ಸ್ಪ್ರೇ ಯಾವುದು, ಕೊನೆಯ ಸಲ ಯಾವಾಗ ಎಂದು ಕೇಳಿ ಬರೆದುಕೊಳ್ಳಿ.

ಅರೇ_ಹಳಬ

ಇದಕ್ಕೆ ಒಂದು ಸೇರ್ಪಡೆ. ರೋಗಿಗಳನ್ನು ಮೊದಲ ಪ್ಲೇಟಿನಲ್ಲಿ, ಆರೋಗ್ಯವಂತರನ್ನು ಎರಡನೆಯದರಲ್ಲಿ ಓಡಿಸಿದರೆ ಈ ಚರ್ಚೆಯ ಮೊದಲ ಪ್ರಶ್ನೆ ಮತ್ತೆ ಎದುರಾಗುತ್ತದೆ, ಆಗಲೂ ಕಾಂಬ್ಯಾಟ್ ಕಾಪಾಡುವುದಿಲ್ಲ. ಪ್ರತಿ ಪ್ಲೇಟಿನಲ್ಲೂ ಮೂರೂ ಗುಂಪು ಇರಲಿ, ಆರ್‌ಎನ್‌ಎ ತೆಗೆದ ದಿನಾಂಕವನ್ನೂ ಶೀಟಿನಲ್ಲಿ ಬರೆಯಿರಿ.

ಅಸ್ತಮಾಕ್ಕೆ ಹೊಂದಿಕೊಂಡ 17ಕ್ಯು21 (17ನೇ ಕ್ರೋಮೋಸೋಮಿನ ಒಂದು ಜಾಗ) ಬಗ್ಗೆ ಓದುವುದಾದರೆ ಅಂಗಾಂಶದ ಮಾತು ಅಲ್ಲೂ ಬರುತ್ತದೆ. 2007ರಲ್ಲಿ ಆರ್‌ಎಸ್7216389 ಸುತ್ತಲಿನ ಗುರುತುಗಳು ಮಕ್ಕಳ ಅಸ್ತಮಾಕ್ಕೆ ಹೊಂದಿಕೊಂಡಾಗ ಬೆರಳು ತೋರಿದ್ದು ಒಆರ್‌ಎಂಡಿಎಲ್3 ಕಡೆಗೆ, ಏಕೆಂದರೆ ಎಕ್ಸ್‌ಪ್ರೆಶನ್ ಅಳೆದದ್ದು ರಕ್ತಮೂಲದ ಲಿಂಫೋಬ್ಲಾಸ್ಟ್ ಕೋಶಗಳಲ್ಲಿ. ಎಪಿಥೀಲಿಯಂ ನೋಡಿದವರಿಗೆ ಪಕ್ಕದ ಜಿಎಸ್‌ಡಿಎಂಬಿ ಹೆಚ್ಚು ಮುಖ್ಯವಾಗಿ ಕಂಡಿತು. ಅಲ್ಲಿನ ಆರ್‌ಎಸ್11078928 ಎಂಬ ಬದಲಾವಣೆ ಅದರ ಸ್ಪ್ಲೈಸಿಂಗ್ (ಆರ್‌ಎನ್‌ಎ ತುಣುಕುಗಳ ಜೋಡಣೆ) ಕೆಡಿಸಿ, ಕೋಶ ಒಡೆಯುವ ಪ್ರೋಟೀನಿನ ಶಕ್ತಿಯನ್ನೇ ತೆಗೆದುಬಿಡುತ್ತದೆ. ಈ ಗುರುತುಗಳು ಭಾರತೀಯರಲ್ಲಿ ಎಷ್ಟು ಎಂದು ನೋಡಲು ಜಿನೋಮ್ ಇಂಡಿಯಾದ ಸುಮಾರು 10,000 ಜನರ ಡೇಟಾ ಫರೀದಾಬಾದಿನ ಐಬಿಡಿಸಿ ಎಂಬ ಜೈವಿಕ ಡೇಟಾ ಕೇಂದ್ರದಲ್ಲಿದೆ. ಅರ್ಜಿ ಹಾಕಿ ಪಡೆಯಬೇಕು, ಗೈಡ್ ಹೆಸರಿನಲ್ಲಿ ಈಗಲೇ ಶುರುಮಾಡಿ.